ಬಾಯಿಯೊಳಗಿನ ನರದ ಗಂಟು: ಎಸ್-100 ನೋಡಿ ಅಲ್ಲಿಗೇ ಮುಗಿಸಬೇಡಿ

ರಾಯಚೂರಿನ ಹಾಸ್ಟೆಲ್ ರೂಮಿನಲ್ಲಿ ಕೂತು, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಇವತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದ ಸ್ಲೈಡು ಸಿಂಧನೂರು ಕಡೆಯ ರೈತರೊಬ್ಬರದು. ನಾಲಿಗೆಯ ಅಂಚಿನಲ್ಲಿ ಎರಡು ವರ್ಷದಿಂದ ನಿಧಾನಕ್ಕೆ ಬೆಳೆದ, ನೋವಿಲ್ಲದ ಗಂಟು. ಎಸ್-100 (ಕೋಶಗಳಲ್ಲಿರುವ ಒಂದು ಪ್ರೋಟೀನನ್ನು ಬಣ್ಣ ಹಾಕಿ ತೋರಿಸುವ ಪರೀಕ್ಷೆ) ಪಾಸಿಟಿವ್ ಎಂದು ಕೇಳಿದ್ದೇ ತಡ, ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ಅಂದುಬಿಟ್ಟೆ. ಅದು ನರದ್ದೇ ಇನ್ನೊಂದು ಬಗೆಯ ಗಂಟು, ನ್ಯೂರೋಫೈಬ್ರೋಮಾ ಆಗಿತ್ತು.

ಎಸ್-100 ಶ್ವಾನ್ ಕೋಶಗಳ, ಅಂದರೆ ನರದ ಎಳೆಗೆ ಹೊದಿಕೆಯಾಗುವ ಕೋಶಗಳ, ಸುಳಿವು ಕೊಡುತ್ತದೆ, ಅಷ್ಟೇ. ಶ್ವಾನೋಮಾ, ನ್ಯೂರೋಫೈಬ್ರೋಮಾ, ಗ್ರಾನ್ಯುಲರ್ ಸೆಲ್ ಟ್ಯೂಮರ್, ಮೂರರಲ್ಲೂ ಬರುತ್ತದೆ, ಬಣ್ಣದ ಕೋಶಗಳ ಕ್ಯಾನ್ಸರ್ ಆದ ಮೆಲನೋಮಾದಲ್ಲೂ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಆಕ್ಸಾನ್ (ನರದ ಎಳೆ) ಎಲ್ಲಿದೆ?

ಶೇಂಗಾ ಗಿಡ ಕಿತ್ತಾಗ ಕಾಯಿ ಬೇರಿನ ಪಕ್ಕದಲ್ಲಿ ಜೋತಿರುತ್ತದೆ. ಕಾಯಿ ಬಿಡಿಸಿದರೂ ಬೇರು ಉಳಿಯುತ್ತದೆ. ಶ್ವಾನೋಮಾ ಹಾಗೆ: ಸುತ್ತ ಕವಚ, ನರ ಒತ್ತರಿಸಿಕೊಂಡು ಅಂಚಿನಲ್ಲಿ. ನ್ಯೂರೋಫೈಬ್ರೋಮಾ ಅಜ್ಜಿ ಹೊಲಿದ ಕೌದಿಯಂತೆ, ದಾರ ಬಟ್ಟೆಯ ಒಳಗೇ ಓಡಿದೆ. ಆಕ್ಸಾನ್‌ಗಳನ್ನು ಎತ್ತಿ ತೋರಿಸುವ ನ್ಯೂರೋಫಿಲಮೆಂಟ್ ಸ್ಟೇನ್ ಹಾಕಿದರೆ ಗಂಟಿನೊಳಗೇ ಆಕ್ಸಾನ್‌ಗಳು ಕಾಣುತ್ತವೆ. ಎಸ್-100 ಅಲ್ಲಲ್ಲಿ ಮಾತ್ರ ಹಿಡಿದಿರುತ್ತದೆ, ಶ್ವಾನೋಮಾದಲ್ಲಿ ಎಲ್ಲೆಡೆ ಗಾಢವಾಗಿ.

ಚಿಕಿತ್ಸೆಯೂ ಇದರಿಂದಲೇ ತಾನಾಗಿ ಹೊರಡುತ್ತದೆ. ಶ್ವಾನೋಮಾದ ಕವಚ ಬಿಡಿಸಿ ಗಂಟನ್ನು ಹೊರತೆಗೆದು ನರ ಉಳಿಸಬಹುದು, ಮರುಕಳಿಸುವುದು ಅಪರೂಪ. ನ್ಯೂರೋಫೈಬ್ರೋಮಾಕ್ಕೆ ಸ್ಪಷ್ಟ ಗಡಿಯಿಲ್ಲ, ತೆಗೆಯುವಾಗ ಆ ನರದ ಎಳೆಯೂ ಹೋಗಬಹುದು. ಕೆಳತುಟಿಯ ಗಂಟಾದರೆ, ತುಟಿ ಜೋಮು ಹಿಡಿಯಬಹುದೆಂದು ರೋಗಿಗೆ ಮೊದಲೇ ಹೇಳಲೇಬೇಕು.

ಈ ಉಪಾಯ ಕೈಕೊಡುವುದು ಅಂಗುಳದಲ್ಲಿ. ಅಲ್ಲಿ ಕಾಣುವ ನರದ ಇನ್ನೊಂದು ಗಂಟು, ಪ್ಯಾಲಿಸೇಡೆಡ್ ಎನ್‌ಕ್ಯಾಪ್ಸುಲೇಟೆಡ್ ನ್ಯೂರೋಮಾಕ್ಕೆ ಅರೆಬರೆ ಕವಚವೂ ಇದೆ, ಒಳಗೆ ಆಕ್ಸಾನ್‌ಗಳೂ ಇವೆ. ಹೆಸರಿನಲ್ಲಿರುವ ಪ್ಯಾಲಿಸೇಡಿಂಗ್ (ನ್ಯೂಕ್ಲಿಯಸ್‌ಗಳು ಬೇಲಿಯಂತೆ ಸಾಲುಗಟ್ಟುವುದು) ಹುಡುಕುತ್ತಾ ಕೂರಬೇಡಿ. ನಿಜವಾದ ಸಾಲುಗಟ್ಟಿದ ನ್ಯೂಕ್ಲಿಯಸ್‌ಗಳು ಶ್ವಾನೋಮಾದ ಆಂಟೋನಿ ಎ ಎಂಬ, ಕೋಶಗಳು ಒತ್ತೊತ್ತಾಗಿರುವ ಭಾಗದಲ್ಲಿ, 1910ರಲ್ಲಿ ರೋಗಶಾಸ್ತ್ರಜ್ಞ ವೆರೋಕೇ ವರ್ಣಿಸಿದ ಕಾಯಗಳ (ವೆರೋಕೇ ಬಾಡಿ) ಸುತ್ತ.

ಗ್ರಾನ್ಯುಲರ್ ಸೆಲ್ ಟ್ಯೂಮರ್‌ಗೆ ಆಳವಾಗಿ ಬಯಾಪ್ಸಿ ತೆಗೆಯಿರಿ. ಮೇಲ್ಪದರ ಮಾತ್ರ ಬಂದರೆ ಎಪಿಥೀಲಿಯಂ ಕೆಳಕ್ಕೆ ಬೆಳೆದಿರುವುದು ಕ್ಯಾನ್ಸರಿನಂತೆಯೇ ಕಾಣುತ್ತದೆ. ಗುಟ್ಕಾ ತಿನ್ನುವವರ ನಾಲಿಗೆ ಎಂದ ಮೇಲೆ ನಮ್ಮ ಮನಸ್ಸು ಮೊದಲೇ ಅತ್ತ ವಾಲಿರುತ್ತದೆ.

ತುಟಿ, ನಾಲಿಗೆಯ ತುದಿಯಲ್ಲಿ ಹಲವು ನ್ಯೂರೋಮಾಗಳಿದ್ದರೆ ಎಂಇಎನ್ 2ಬಿ ಎಂಬ, ಹಲವು ಗ್ರಂಥಿಗಳಲ್ಲಿ ಗಡ್ಡೆ ಬರುವ ಆನುವಂಶಿಕ ಕಾಯಿಲೆ ನೆನಪಿರಲಿ: ಆರ್‌ಇಟಿ ಜೀನ್ ದೋಷ, ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್. ನ್ಯೂರೋಫೈಬ್ರೋಮಾ ಎಂದರೆ, ಮೈಯೆಲ್ಲಾ ಇಂಥ ಗಂಟು ಬರುವ ಆನುವಂಶಿಕ ಕಾಯಿಲೆ ನ್ಯೂರೋಫೈಬ್ರೋಮಟೋಸಿಸ್ 1 ಇದೆಯೇ ಎಂದು ಚರ್ಮ ನೋಡಬೇಕು: ಕಾಫಿ ಬಣ್ಣದ ಮಚ್ಚೆ ಆರು ಅಥವಾ ಹೆಚ್ಚು, ದೊಡ್ಡವರಲ್ಲಿ ಒಂದೊಂದೂ 15 ಮಿ.ಮೀ. ಮೀರಿದ್ದು, ಕಂಕುಳಲ್ಲಿ ಚುಕ್ಕೆಗಳು. ಆ ರೈತರ ಅಂಗಿ ಬಿಚ್ಚಿಸಿ ನಾವು ನೋಡಿರಲಿಲ್ಲ. ಸೋಮವಾರ ಹೊಲಿಗೆ ತೆಗೆಸಲು ಬರುತ್ತಾರೆ, ಅಂದು ಮೊದಲ ಕೆಲಸ ಅದೇ.