ಪ್ರೋಗ್ರಾಮಿಂಗ್ ಭಾಷೆ ಹೇಗೆ ಹುಟ್ಟುತ್ತದೆ ಅಂತ ಓದಬೇಕಾದರೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ಸಿ, ಜಾವಾ, ಪೈಥಾನ್ ಬರುತ್ತದೆ. ಈ ಭಾಷೆಗಳನ್ನೇ ಹೇಗೆ ಮಾಡುತ್ತಾರೆ ಅಂತ ಯೂನಿವರ್ಸಿಟಿಯಲ್ಲಿ ಓದಲಿಕ್ಕೆ ಆಗ್ತದಾ? ಅದಕ್ಕೆ ಇನ್ನೂ ಎಷ್ಟು ಭಾಷೆ ಕಲಿತಿರಬೇಕು? ಗಣಿತ ತುಂಬ ಬೇಕಾ?

ಹೀಗೆ ಕೇಳುವವರು ಒಬ್ಬಿಬ್ಬರಲ್ಲ. ಓದಬಹುದು, ಖಂಡಿತ. ಆದರೆ ಎರಡನೇ ಪ್ರಶ್ನೆಯಲ್ಲೇ ಒಂದು ತಪ್ಪು ಅಂದಾಜು ಉಂಟು. ಕುಂಬಳೆ ಪೇಟೆಯಲ್ಲಿ ಬಸ್ಸು ಕಾಯುವ ಹತ್ತು ನಿಮಿಷದಲ್ಲಿ ನಾವು ತುಳು, ಕನ್ನಡ, ಮಲಯಾಳ ಮೂರೂ ಮಾತಾಡಿ ಮುಗಿಸುತ್ತೇವೆ, ಹಾಗಂತ ನಾವೆಲ್ಲ ಭಾಷಾವಿಜ್ಞಾನಿಗಳಾ? ಇಲ್ಲಿಯೂ ಅಷ್ಟೇ. ಇನ್ನೂ ನಾಲ್ಕು ಭಾಷೆ ಕಲಿತರೆ ಕೆಲಸಕ್ಕೆ ಒಳ್ಳೆಯದು, ಈ ವಿಷಯಕ್ಕೆ ಅದು ಬಾಗಿಲು ಕೂಡ ಅಲ್ಲ.

ಹಾಗಾದರೆ ಇಲ್ಲಿ ಓದುವುದು ಏನು? ಒಂದು ಸಣ್ಣ ಲೆಕ್ಕ ನೋಡಿ. ಮೈನಸ್ 7ನ್ನು 2ರಿಂದ ಭಾಗಿಸಿ, ಉತ್ತರ ಪೂರ್ಣಾಂಕದಲ್ಲೇ ಬೇಕು. ಸಿ ಮೈನಸ್ 3 ಅನ್ನುತ್ತದೆ, ಶೇಷ ಮೈನಸ್ 1. ಪೈಥಾನ್ ಮೈನಸ್ 4 ಅನ್ನುತ್ತದೆ, ಶೇಷ 1. ಎರಡೂ ಸರಿ! ಸಿ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಇನ್ನೂ ಮಜಾ ಅಂದರೆ 1999ರ ಸ್ಟ್ಯಾಂಡರ್ಡ್, ಅಂದರೆ ಸಿ ಭಾಷೆಯ ಅಧಿಕೃತ ನಿಯಮಾವಳಿ, ಬರುವವರೆಗೆ ಸಿಯಲ್ಲಿ ಇದನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಬರೆಯುವವರಿಗೇ ಬಿಟ್ಟಿದ್ದರು, ಅಂದರೆ ಅದೇ ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಬೇರೆ ಉತ್ತರ ಕೊಟ್ಟರೂ ಯಾರನ್ನೂ ಬೈಯುವ ಹಾಗಿರಲಿಲ್ಲ.

ನಮ್ಮ ಪರೀಕ್ಷೆಗಳಲ್ಲಿ, ತೆರೆಯ ಮೇಲೆ ಉತ್ತರ ತೋರಿಸುವ ಒಂದೇ ಪ್ರಿಂಟ್‌ಎಫ್ ಒಳಗೆ ಐ ಪ್ಲಸ್ ಪ್ಲಸ್, ಪ್ಲಸ್ ಪ್ಲಸ್ ಐ (ಎರಡೂ ಐ ಅನ್ನುವ ವೇರಿಯೇಬಲಿನ ಬೆಲೆಯನ್ನು ಒಂದು ಹೆಚ್ಚಿಸುತ್ತವೆ) ಎರಡನ್ನೂ ತುರುಕಿ 'ಔಟ್‌ಪುಟ್ ಏನು?' ಅಂತ ಕೇಳುತ್ತಾರಲ್ವಾ, ಅದಕ್ಕಂತೂ ಸಿ ಸ್ಟ್ಯಾಂಡರ್ಡಿನಲ್ಲಿ ಉತ್ತರವೇ ಇಲ್ಲ. ಏನು ಬೇಕಾದರೂ ಬರಬಹುದು. ಜಾವಾದಲ್ಲಿ ಎಡದಿಂದ ಬಲಕ್ಕೆ ಅಂತ ನಿಯಮ ಇರುವುದರಿಂದ ಅಲ್ಲಿ ಉತ್ತರ ಉಂಟು. ಆ ಪ್ರಶ್ನೆಗೆ ಮಾರ್ಕು ಕೊಡುವ ಪದ್ಧತಿ ನಿಂತರೆ ಒಳ್ಳೆಯದಿತ್ತು ಮಾರಾಯ್ರೇ.

ಈ 'ಉತ್ತರ ಏನು, ಮತ್ತು ಯಾಕೆ ಅದೇ' ಅನ್ನುವುದನ್ನು ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಬರೆದಿಡುವ ವಿದ್ಯೆಯೇ ಸೆಮ್ಯಾಂಟಿಕ್ಸ್. 1960ರ ಹೊತ್ತಿಗೇ ಆಲ್ಗಾಲ್ ಭಾಷೆಯ ವ್ಯಾಕರಣವನ್ನು ನಿಖರವಾಗಿ ಬರೆಯಲು ಬ್ಯಾಕಸ್ ಮತ್ತು ನೌರ್ ದಾರಿ ಮಾಡಿದ್ದರು. ಅರ್ಥವನ್ನು ಅಷ್ಟೇ ನಿಖರವಾಗಿ ಬರೆಯುವುದು ಜಾಸ್ತಿ ಕಷ್ಟವಾಯಿತು. 1969ರಲ್ಲಿ ಟೋನಿ ಹೋರ್, ಒಂದು ಸಾಲು ಓಡುವ ಮೊದಲು ಏನು ನಿಜ, ಓಡಿದ ಮೇಲೆ ಏನು ನಿಜ ಅಂತ ತರ್ಕದಲ್ಲಿ ಹೇಳುವ ದಾರಿ ತೋರಿಸಿದರು. ಸುಮಾರು ಅದೇ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಟ್ರೇಚಿ ಮತ್ತು ಡಾನಾ ಸ್ಕಾಟ್ ಪ್ರೋಗ್ರಾಮನ್ನೇ ಗಣಿತದ ಫಂಕ್ಷನ್ ಆಗಿ ನೋಡಿದರು. 1981ರಲ್ಲಿ ಗಾರ್ಡನ್ ಪ್ಲಾಟ್ಕಿನ್ ಬರೆದ ಟಿಪ್ಪಣಿಗಳ ದಾರಿ ನಮ್ಮಂಥವರಿಗೆ ಸುಲಭ: ಪ್ರೋಗ್ರಾಂ ಒಂದೊಂದೇ ಹೆಜ್ಜೆಯಾಗಿ ಹೇಗೆ ಸರಳವಾಗುತ್ತದೆ ಅಂತ ನಿಯಮ ಬರೆಯುವುದು. 1 + 2 × 3 ಮೊದಲು 1 + 6 ಆಗುತ್ತದೆ, ಆಮೇಲೆ 7. ಸುಮ್ನೆ ಮಕ್ಕಳಾಟ ಅನ್ನಿಸಬಹುದು. ಲೂಪು, ಎಕ್ಸೆಪ್ಷನ್ (ಓಡುವಾಗ ನಡುವೆ ಬರುವ ತಪ್ಪು), ಒಟ್ಟಿಗೇ ಓಡುವ ಎರಡು ಥ್ರೆಡ್ಡು ಬಂದಾಗ ಬೆವರು ಇಳಿಯುತ್ತದೆ.

ಗಣಿತ ಬೇಕು, ಆದರೆ ನೀವು ಹೆದರಿದ್ದು ಅಲ್ಲ. ಕ್ಯಾಲ್ಕುಲಸ್ ಹೆಚ್ಚುಕಡಿಮೆ ಬರುವುದೇ ಇಲ್ಲ. ತರ್ಕ, ಸೆಟ್ಟು, ಇಂಡಕ್ಷನ್ (ಒಂದು ಹೆಜ್ಜೆ ನಿಜವಾದರೆ ಮುಂದಿನದೂ ನಿಜ ಅಂತ ತೋರಿಸಿ ಸಾಧಿಸುವ ಕ್ರಮ), ಇಷ್ಟು ಗಟ್ಟಿ ಇರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲಿ ಇಂಗ್ಲಿಷಿನ ಭಾರವೂ ಕಡಿಮೆ, ಅರ್ಧ ಪುಟ ಚಿಹ್ನೆಗಳೇ ಇರುತ್ತವೆ.

ಎಲ್ಲಿ ಓದುವುದು? ಈ ಹೆಸರಿನ ಡಿಗ್ರಿ ಹುಡುಕಬೇಡಿ, ನಮ್ಮಲ್ಲಿ ಇದು ಕಂಪ್ಯೂಟರ್ ಸೈನ್ಸ್ ಎಂಎಸ್ಸಿ ಅಥವಾ ಎಂಟೆಕ್ ಒಳಗಿನ ಒಂದೆರಡು ಪೇಪರು, ಮತ್ತೆ ಪ್ರಾಜೆಕ್ಟು. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್ಸಿ ಉಂಟು, ಮನೆಯಿಂದಲೇ ಹೋಗಿ ಬರಬಹುದು. ಬುನಾದಿಗೆ ಅದು ಸಾಕು. ಇದರಲ್ಲೇ ಮುಂದೆ ಹೋಗುವ ಆಸೆ ಇದ್ದರೆ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ನೋಡಿ. ತರ್ಕ ಮತ್ತು ಪ್ರೋಗ್ರಾಂ ಸರಿ ಇದೆಯಾ ಅಂತ ಸಾಧಿಸುವ ವಿಷಯದಲ್ಲಿ ಅವರು ಗಟ್ಟಿ, ಪ್ರವೇಶ ಪರೀಕ್ಷೆಯೂ ಅವರದೇ. ಕಾಸರಗೋಡಿನಲ್ಲಿ ಚೆನ್ನೈ ಮೇಲ್ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಅಲ್ಲಿ. ಬೆಂಗಳೂರಿನ ಐಐಎಸ್ಸಿ, ಐಐಟಿಗಳ ಎಂಟೆಕ್‌ಗೆ ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಮೂರು ವರ್ಷದ ಬಿಎಸ್ಸಿ ಮಾತ್ರ ಇದ್ದರೆ ಹೆಚ್ಚಿನ ಕಡೆ ಸಾಲದು, ನಡುವೆ ಎಂಎಸ್ಸಿ ಅಥವಾ ಎಂಸಿಎ ಬೇಕಾಗುತ್ತದೆ. ಎಲ್ಲಿಗೆ ಅರ್ಜಿ ಹಾಕುವುದಿದ್ದರೂ ಕಾಲೇಜಿನ ಹೆಸರಿಗಿಂತ ಮೊದಲು ಅಧ್ಯಾಪಕರ ಪುಟ ತೆರೆದು ಯಾರು ಏನು ಸಂಶೋಧನೆ ಮಾಡುತ್ತಿದ್ದಾರೆ ನೋಡಿ. ಕಂಪೈಲರ್, ಟೈಪ್ ಸಿಸ್ಟಮ್, ವೆರಿಫಿಕೇಶನ್ ಅಂತ ಬರೆದವರು ಒಬ್ಬರೂ ಇಲ್ಲದ ಕಡೆ ನಿಮಗೆ ಗೈಡ್ ಸಿಗುವುದಿಲ್ಲ.

ಕೆಲಸದ ಚಿಂತೆ ಮನೆಯವರಿಗೆ ಇದ್ದೇ ಇರುತ್ತದೆ. ಜಾಗ ಕಡಿಮೆ, ಹುಡುಕುವವರೂ ಕಡಿಮೆ. ಚಿಪ್ ಮಾಡುವ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ಕಂಪೈಲರ್ ತಂಡಗಳಿವೆ, ಎಐಗಾಗಿ ಹೊಸ ಚಿಪ್ ಬಂದಷ್ಟೂ ಅದಕ್ಕೆ ಕಂಪೈಲರ್ ಬರೆಯುವವರು ಬೇಕು.

ರಿಸಲ್ಟ್ ಬರುವವರೆಗೆ ಕಾಯಬೇಕಾಗಿಲ್ಲ. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನವರೇ ಕಲಿಸಿದ ಹ್ಯಾಸ್ಕೆಲ್ ಭಾಷೆಯ ಕೋರ್ಸಿನ ವಿಡಿಯೋ ಉಚಿತವಾಗಿ ಉಂಟು. ಅದರ ಜೊತೆಗೆ ಪೈಥಾನಿನಲ್ಲೇ ನಿಮ್ಮದೊಂದು ಪುಟ್ಟ ಭಾಷೆ ಮಾಡಿ: ಸಂಖ್ಯೆ, ಕೂಡಿಸು, ವೇರಿಯೇಬಲ್, ಇಫ್, ಕೊನೆಗೆ ಫಂಕ್ಷನ್. ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಬರೆದು, ಒಳಗಿನದು ಹೊರಗಿನ ವೇರಿಯೇಬಲ್ ಬಳಸಿದಾಗ ಯಾವ ಬೆಲೆ ಸಿಗಬೇಕು ಅಂತ ನೀವೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನ ಮತ್ತು ಅದರ ಕಾರಣವನ್ನು ಒಂದು ಪುಟದಲ್ಲಿ ಬರೆದು, ಪ್ರೊಫೆಸರಿಗೆ ಇಮೇಲ್ ಮಾಡುವಾಗ ಕೋಡಿನ ಜೊತೆ ಅದನ್ನೂ ಕಳಿಸಿ. ಮಾರ್ಕ್ಸ್ ಕಾರ್ಡಿಗಿಂತ ಮೊದಲು ಅದನ್ನೇ ಓದುವವರು ಸಿಗುತ್ತಾರೆ.