ಪಾರ್ಕ್ ಹತ್ತಿರ, ಗೇಟ್ ದೂರ

ಹುಬ್ಬಳ್ಳಿಯ ನಮ್ಮ ಮಾಳಿಗೆ ಮೇಲೆ ನಿಂತರೆ ಪಾರ್ಕಿನ ಹೊಂಗೆ ಮರಗಳು ಇಲ್ಲೇ ಕಾಣುತ್ತವೆ. ಗೇಟ್ ಮಾತ್ರ ಆಚೆ ಬದಿಗಿದೆ. ಕಾಂಪೌಂಡ್ ಸುತ್ತಿ, ದೊಡ್ಡ ರಸ್ತೆ ದಾಟಿ ಹೋಗಬೇಕು. ಹೀಗಾಗಿ ಪಕ್ಕದ ಮನೆ ಅಜ್ಜಿ ಸಂಜೆಯೆಲ್ಲ ತಮ್ಮ ಕಟ್ಟೆ ಮೇಲೆಯೇ ಕೂತಿರುತ್ತಾರೆ. "ಪಾರ್ಕ್ ಏನೋ ಸನೇನ ಐತಿ. ರಸ್ತಾ ದಾಟೂದ ದೊಡ್ಡ ಕೆಲ್ಸ ನೋಡಪಾ" ಅಂತಾರೆ.

ಊರಿಗೆ ಬಯಲು ಜಾಗ ಸಾಕೋ ಇಲ್ಲವೋ ಎಂದು ಅಳೆಯುವಾಗ ಮೊದಲು ಬರುವುದು ಎಕರೆ ಲೆಕ್ಕ. ಕೇಂದ್ರ ಸರ್ಕಾರದ 2014ರ ನಗರ ಯೋಜನೆ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಇರಲಿ ಎನ್ನುತ್ತದೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9,43,788. ಹತ್ತರಂತೆ ಗುಣಿಸಿದರೂ ಸುಮಾರು 2,330 ಎಕರೆ ಬೇಕಾಯಿತು. ಉಣಕಲ್ ಕೆರೆ ಹೆಚ್ಚುಕಮ್ಮಿ 200 ಎಕರೆ. ಅಂಥವು ಹನ್ನೊಂದಕ್ಕೂ ಜಾಸ್ತಿ!

ಕೆರೆಯನ್ನು ಈ ಲೆಕ್ಕಕ್ಕೆ ಸೇರಿಸಬೇಕಾ? ನೀರಿನ ಮೇಲೆ ಯಾರೂ ಕ್ರಿಕೆಟ್ ಆಡುವುದಿಲ್ಲ. ಅದರ ಕೆಲಸವೇ ಬೇರೆ. ಮಳೆನೀರು ಹಿಡಿದಿಡುತ್ತದೆ, ಗಾಳಿಯನ್ನು ತಂಪು ಮಾಡುತ್ತದೆ. ಒಂದು ಲೀಟರ್ ನೀರು ಕುದಿಯುವ ತನಕ ಕಾಯಿಸಲು ಒಲೆ ಕೊಡುವ ಶಾಖ ಇದೆಯಲ್ಲ, ಅಷ್ಟೇ ನೀರು ಬಿಸಿಲಿಗೆ ಆವಿಯಾಗುವಾಗ ಅದರ ಸುಮಾರು ಎಂಟು ಪಟ್ಟು ಹೀರಿಕೊಳ್ಳುತ್ತದೆ.

ಎಕರೆಗಿಂತ ನನಗೆ ಇಷ್ಟವಾಗುವುದು ನಡಿಗೆಯ ಲೆಕ್ಕ. ಮನೆಯಿಂದ 300 ಮೀಟರ್ ಒಳಗೆ ಹಸಿರು ಜಾಗ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಸಲಹೆ ಕೊಟ್ಟಿದೆ. ನಕ್ಷೆಯಲ್ಲಿ ಇದು ಸುಲಭ. ಗೇಟಿನ ಮೇಲೆ ಕೈವಾರ ಊರಿ 300 ಮೀಟರಿನ ವೃತ್ತ ಎಳೆದರೆ ಒಳಗೆ 28 ಹೆಕ್ಟೇರ್ ಸಿಗುತ್ತದೆ. ಆದರೆ ನಾವು ಕಾಗೆಗಳಲ್ಲ, ಓಣಿ ಹಿಡಿದು ತಿರುಗಿ ತಿರುಗಿ ಹೋಗುವವರು. ಓಣಿಗಳು ಚದುರಂಗದ ಮನೆಗಳಂತೆ ನೆಟ್ಟಗಿದ್ದರೂ 300 ಮೀಟರ್ ನಡಿಗೆಗೆ ದಕ್ಕುವ ಜಾಗ ವೃತ್ತವಲ್ಲ, ಶಂಕರಪೋಳಿಯ ಆಕಾರ. ಅದು 18 ಹೆಕ್ಟೇರ್ ಅಷ್ಟೇ. ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಗೇಟ್ ಒಂದೇ ಗೋಡೆಯಲ್ಲಿದ್ದರೆ ಉಳಿದ ಶಂಕರಪೋಳಿಯ ಅರ್ಧವೂ ಪಾರ್ಕಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಈ ಕಡೆ ಇನ್ನೊಂದು ಗೇಟ್ ಒಡೆದರೆ ಎಷ್ಟೋ ಮನೆಗಳಿಗೆ ಪಾರ್ಕ್ ಹತ್ತಿರವಾಗುತ್ತದೆ. ಅದಕ್ಕೆ ಒಂದು ಗುಂಟೆ ಜಾಗವನ್ನೂ ಕೊಳ್ಳಬೇಕಿಲ್ಲ.

ಇನ್ನು, ಒಳಗೆ ಬರುವವರು ಯಾರು? ಇದನ್ನು ತಿಳಿಯಲು ಯಂತ್ರ ಬೇಡ. ಬೇರೆ ಬೇರೆ ಹೊತ್ತಿನಲ್ಲಿ ಒಂದು ಸುತ್ತು ಹಾಕಿ ಗಂಡಸರು, ಹೆಂಗಸರು, ಮಕ್ಕಳು, ವಯಸ್ಸಾದವರು ಎಷ್ಟು ಅಂತ ಬರೆದುಕೊಂಡರೆ ಸಾಕು. ಸಂಶೋಧಕರೂ ಹೆಚ್ಚುಕಮ್ಮಿ ಇದನ್ನೇ ಮಾಡುತ್ತಾರೆ. 1990ರ ದಶಕದಲ್ಲಿ ವಿಯೆನ್ನಾದಲ್ಲಿ ಹೀಗೆ ನೋಡಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದು ತೀರಾ ಕಡಿಮೆಯಾಗಿತ್ತು. ಇಡೀ ಬಯಲನ್ನು ಹುಡುಗರೇ ಹಿಡಿದಿದ್ದರು. ಆಮೇಲೆ ಅಲ್ಲಿ ಬಯಲನ್ನು ಸಣ್ಣ ಭಾಗಗಳಾಗಿ ಒಡೆದು, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಹಾಕಿದರು. ಹುಡುಗಿಯರು ಮತ್ತೆ ಬಂದರು.

ನಮ್ಮ ಪಾರ್ಕನ್ನು ಮಧ್ಯಾಹ್ನ ಎಣಿಸಲು ಹೋದರೆ ಸಿಗುವುದು ಸೊನ್ನೆ. ಆಗ ಗೇಟಿಗೆ ಬೀಗ. ಏಪ್ರಿಲ್ ಬಿಸಿಲಲ್ಲಿ ಆಟೋದವರು, ಹಮಾಲರು ಹೊರಗಿನ ಫುಟ್‌ಪಾತ್ ಮೇಲೆ, ಗೋಡೆ ದಾಟಿ ಬಂದ ಹೊಂಗೆ ಕೊಂಬೆಯ ನೆರಳಲ್ಲಿ ಟವೆಲ್ ಹಾಸಿ ಮಲಗಿರುತ್ತಾರೆ.