ಬಸ್ಸಿಗೆ ಏನು ತರಬಹುದು, ಏನು ತರಬಾರದು: ಈ ನಿಯಮಗಳು ಬಂದಿದ್ದು ಎಲ್ಲಿಂದ?

1836ರ ಜನವರಿ 30ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಬಸ್ ಪ್ರಯಾಣಿಕರಿಗೆ ಒಂದು ಪಟ್ಟಿ ಪ್ರಕಟಿಸಿತು. ಬಸ್ಸನ್ನು ಕುದುರೆ ಎಳೆಯುತ್ತಿದ್ದ ಕಾಲ ಅದು. ಸೀಟಿನ ಮೇಲೆ ಕಾಲಿಡಬೇಡಿ, ಹಣ ಕೈಯಲ್ಲಿ ಸಿದ್ಧ ಇಟ್ಟುಕೊಳ್ಳಿ, ನೆಲಕ್ಕೆ ಹಾಸಿದ ಹುಲ್ಲಿನ ಮೇಲೆ ಉಗುಳಬೇಡಿ ಎಂಬಂಥ ಮಾತುಗಳು ಅದರಲ್ಲಿದ್ದವು. ಪ್ರಯಾಣಿಕರು ಜೊತೆಗೆ ತರುವುದರ ಬಗ್ಗೆಯೂ ಎರಡು ಮಾತಿದ್ದವು. ನಾಯಿ ತಂದರೆ ಅದು ಚಿಕ್ಕದಿರಲಿ, ದಾರ ಕಟ್ಟಿರಲಿ. ದೊಡ್ಡ ಗಂಟುಗಳನ್ನು ಒಳಗೆ ತರಬೇಡಿ, ಇದು ಸಾಮಾನು ಸಾಗಿಸುವ ಗಾಡಿಯಲ್ಲ.

ಇದಾಗಿ ಸುಮಾರು 190 ವರ್ಷವಾಯಿತು. ಇವತ್ತು ಯಾವ ನಗರದ ಬಸ್ ನಿಯಮ ತೆಗೆದು ನೋಡಿದರೂ ಆ ಎರಡು ಮಾತು ಹೆಚ್ಚುಕಮ್ಮಿ ಹಾಗೇ ಸಿಗುತ್ತವೆ. ಆದರೆ ಅವುಗಳ ಸುತ್ತ ಇನ್ನೂ ಎಷ್ಟೋ ಸೇರಿಕೊಂಡಿವೆ: ಪೆಟ್ರೋಲ್, ಆಮ್ಲಜನಕದ ಸಿಲಿಂಡರ್, ಮಗುವಿನ ಸ್ಟ್ರಾಲರ್, ಬ್ಯಾಟರಿ ಸ್ಕೂಟರ್. ಇವುಗಳಲ್ಲಿ ಬಹಳಷ್ಟು ಸುಮ್ನೆ ಬಂದದ್ದಲ್ಲ. ಹಿಂದೆ ಒಂದು ಜಗಳವೋ ಒಂದು ಬೆಂಕಿ ಅನಾಹುತವೋ ಇದೆ. ಮತ್ತೆ, ಸಾಮಾನಿನ ಬಗ್ಗೆ ಅಂತ ಬರೆದ ಈ ನಿಯಮಗಳು ಬಸ್ ಹತ್ತಲು ಯಾರಿಗೆ ಆಗುತ್ತದೆ, ಯಾರು ಸ್ಟಾಪಿನಲ್ಲೇ ಉಳಿಯುತ್ತಾರೆ ಅನ್ನುವುದನ್ನೂ ತೀರ್ಮಾನಿಸುತ್ತವೆ. ನನಗೆ ಮುಖ್ಯ ಅನಿಸುವುದು ಈ ಎರಡನೆಯದು.

ನಗರದ ಬಸ್ ಹುಟ್ಟಿದ್ದೇ ಕೈಯಲ್ಲಿ ಜಾಸ್ತಿ ಸಾಮಾನಿಲ್ಲದವರಿಗಾಗಿ. ಅದಕ್ಕೂ ಮೊದಲು ಊರಿಂದ ಊರಿಗೆ ಓಡುತ್ತಿದ್ದ ಕುದುರೆ ಕೋಚುಗಳಲ್ಲಿ ಪೆಟ್ಟಿಗೆ, ಗಂಟು ಎಲ್ಲ ಚಾವಣಿ ಏರುತ್ತಿದ್ದವು. ಇಳಿಸಿ ಏರಿಸಲು ಹೊತ್ತು ಹಿಡಿಯುತ್ತಿತ್ತು. 1826ರಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಸ್ತಾನಿಸ್ಲಾಸ್ ಬೋದ್ರಿ ಬೇರೆ ಥರದ ಸೇವೆ ಶುರು ಮಾಡಿದರು. ಒಂದೇ ದಾರಿಯಲ್ಲಿ ಹೋಗಿ ಬರುವ ಗಾಡಿ, ನಡುವೆ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು. 1829ರ ಜುಲೈ 4ರಂದು ಜಾರ್ಜ್ ಶಿಲಿಬಿಯರ್ ಅದನ್ನೇ ಲಂಡನ್ನಿಗೆ ತಂದು ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಆಫ್ ಇಂಗ್ಲೆಂಡ್‌ವರೆಗೆ ಓಡಿಸಿದರು. ಮೂರು ಕುದುರೆ, ಒಳಗೆ ಸುಮಾರು 20 ಜನ. ಎದುರುಬದುರು ಎರಡು ಉದ್ದ ಬೆಂಚು, ಬಾಗಿಲು ಹಿಂದೆ. ಆ ಬೆಂಚುಗಳ ನಡುವೆ ಇದ್ದದ್ದು ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ. ಅಲ್ಲಿ ಒಬ್ಬರು ಒಂದು ಮೂಟೆ ಇಟ್ಟರೆ ಒಳಗಿನವರು ಇಳಿಯೋದು ಹೇಗೆ? ಇಳಿಯಲು ತಡವಾದರೆ ಇಡೀ ಗಾಡಿ ತಡ. ಮೊದಲ ಲಗೇಜ್ ನಿಯಮಕ್ಕೆ ಇಷ್ಟೇ ಕಾರಣ, ಅದು ನ್ಯಾಯವಾದ ಕಾರಣವೇ.

ದೂರದೂರಿನ ಬಸ್‌ಗಳು ಮುಂದೆ ಚಾವಣಿ ಮೇಲೆ, ಆಮೇಲೆ ಹೊಟ್ಟೆಯೊಳಗೆ ಲಗೇಜಿಗೆ ಜಾಗ ಮಾಡಿಕೊಂಡವು. ಅಲ್ಲಿ ಲೆಕ್ಕ ಸುಲಭ. ಇಷ್ಟು ಚೀಲ, ಇಷ್ಟು ಕಿಲೋ, ಅದಕ್ಕಿಂತ ಜಾಸ್ತಿಯಾದರೆ ಚಾರ್ಜು. ನಗರದ ಬಸ್‌ಗೆ ಅಂಥ ಅನುಕೂಲ ಇರಲಿಲ್ಲ. ಇದ್ದದ್ದು ಅಲ್ಲಲ್ಲಿ ಸಣ್ಣ ಮೂಲೆಗಳು. 1956ರಲ್ಲಿ ಲಂಡನ್ ರಸ್ತೆಗಿಳಿದ ರೂಟ್‌ಮಾಸ್ಟರ್ ಡಬಲ್ ಡೆಕ್ಕರ್‌ನಲ್ಲಿ ಮೆಟ್ಟಿಲ ಕೆಳಗೆ ಒಂದು ಗೂಡಿತ್ತು. ಸೂಟ್‌ಕೇಸು, ಮಡಚಿದ ಮಗುವಿನ ಗಾಡಿ ಅದರೊಳಗೆ ಹೋಗುತ್ತಿದ್ದವು. ಎತ್ತಿಡಲು ಕಂಡಕ್ಟರ್ ಇದ್ದ. ಆ ಕಂಡಕ್ಟರ್ ಇದ್ದ ಅನ್ನೋದು ಸಣ್ಣ ಮಾತಲ್ಲ. ಡ್ರೈವರ್ ಒಬ್ಬರೇ ಬಸ್ ನಡೆಸುವ ಪದ್ಧತಿ ಬಂದ ಮೇಲೆ ಸಾಮಾನು ನೋಡುವವರು, ಎತ್ತಿಕೊಡುವವರು, ಜಗಳ ಬಿಡಿಸುವವರು ಒಟ್ಟಿಗೇ ಇಲ್ಲವಾದರು.

ಇನ್ನು ಬೆಂಕಿಯ ವಿಷಯ. ಹಿಂದೆ ಸಿನಿಮಾ ರೀಲುಗಳನ್ನು ನೈಟ್ರೇಟ್ ಫಿಲ್ಮಿನಿಂದ ಮಾಡುತ್ತಿದ್ದರು. ಅದು ಒಮ್ಮೆ ಹೊತ್ತಿಕೊಂಡರೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಂಡು ಉರಿಯುತ್ತದೆ, ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹಾಗಾಗಿ ಲಂಡನ್ನಿನ ಬಸ್ಸಿನಲ್ಲಿ ಸಿನಿಮಾ ರೀಲು ಒಯ್ಯುವಂತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಆ ಫಿಲ್ಮಿನ ತಯಾರಿಕೆ ನಿಂತಿತು. ಅಪಾಯಕಾರಿ ಸರಕುಗಳನ್ನು ಹೀಗೆ ಒಂದೊಂದಾಗಿ ಹೆಸರಿಸಿ ತಡೆಯುವ ಬದಲು ಗುಂಪು ಮಾಡಿ ನೋಡುವ ಕ್ರಮ ಬಂದದ್ದೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ. ವಿಶ್ವಸಂಸ್ಥೆ 1956ರಲ್ಲಿ ಇದರ ಶಿಫಾರಸುಗಳನ್ನು ಮೊದಲ ಸಲ ಪ್ರಕಟಿಸಿತು. ಈಗ ಸ್ಫೋಟಕ, ಅನಿಲ, ಉರಿಯುವ ದ್ರವ, ವಿಷ, ಆಮ್ಲ ಇತ್ಯಾದಿಯಾಗಿ ಒಟ್ಟು 9 ವರ್ಗಗಳಿವೆ.

ನಿಯಮ ಇದ್ದರೂ ಸಾವು ನಿಲ್ಲಲಿಲ್ಲ. 2011ರ ಜುಲೈ 22ರ ಬೆಳಗಿನ ಜಾವ ಚೀನಾದ ಹೆನಾನ್ ಪ್ರಾಂತ್ಯದ ಹೆದ್ದಾರಿಯಲ್ಲಿ ಒಂದು ಸ್ಲೀಪರ್ ಬಸ್ ಹೊತ್ತಿ ಉರಿಯಿತು. 41 ಜನ ಸತ್ತರು. ಅದರಲ್ಲಿ 15 ಪೆಟ್ಟಿಗೆಗಳಲ್ಲಿ ಸುಮಾರು 300 ಕಿಲೋ ರಾಸಾಯನಿಕ ಇತ್ತು. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ, ಬಿಸಿಯಾದರೆ ತಾನಾಗಿ ಒಡೆದು ಹೊತ್ತಿಕೊಳ್ಳುವ ವಸ್ತು ಅದು. 35 ಜನರ ಬಸ್ಸಿನಲ್ಲಿ 47 ಜನ ಇದ್ದರು. ಮಲಗಿದ್ದವರಿಗೆ ಪಕ್ಕದ ಪೆಟ್ಟಿಗೆಯಲ್ಲಿ ಏನಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

2025ರ ಅಕ್ಟೋಬರ್ 24ರಂದು ಆಂಧ್ರದ ಕರ್ನೂಲು ಬಳಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ ಸುಟ್ಟುಹೋಯಿತು. 19 ಪ್ರಯಾಣಿಕರು ಸತ್ತರು. ಬೆಂಕಿ ಶುರುವಾಗಿದ್ದು ಬಸ್ಸಿನಡಿ ಸಿಕ್ಕಿಕೊಂಡ ಬೈಕಿನಿಂದ. ಆದರೆ ಲಗೇಜ್ ಭಾಗದಲ್ಲಿ 234 ಮೊಬೈಲ್‌ಗಳ ಒಂದು ಪಾರ್ಸೆಲ್ ಇತ್ತು, ಅವುಗಳ ಬ್ಯಾಟರಿ ಸಿಡಿದು ಉರಿ ಜೋರಾಯಿತು ಎಂದು ವಿಧಿವಿಜ್ಞಾನ ತಜ್ಞರು ಹೇಳಿದರು. ಈ ಎರಡೂ ಕಡೆ ಸರಕು ಯಾರದು ಅನ್ನೋದನ್ನು ಗಮನಿಸಬೇಕು. ಕುಳಿತಿದ್ದ ಪ್ರಯಾಣಿಕರು ಮನೆಗೆ ಒಯ್ಯುತ್ತಿದ್ದ ಸಾಮಾನಲ್ಲ ಅದು. ಬಸ್ಸಿಗೆ ಬಾಡಿಗೆ ಕೊಟ್ಟು ಹಾಕಿದ್ದ ಸರಕು. ಪ್ರಯಾಣಿಕರ ಚೀಲ ತಡಕುವ ನಿಯಮ ಎಷ್ಟು ಬಿಗಿ ಮಾಡಿದರೂ, ಬಸ್ಸಿನ ಹೊಟ್ಟೆಗೆ ತುಂಬುವ ಪಾರ್ಸೆಲ್ ನೋಡುವವರಿಲ್ಲ ಅಂದರೆ ಏನು ಪ್ರಯೋಜನ? ಟಿಕೆಟ್ ಹಿಂದೆ ಅಚ್ಚಾಗುವ ಎಚ್ಚರಿಕೆಗಳೆಲ್ಲ ಪ್ರಯಾಣಿಕರಿಗೆ ಹೇಳಿದವು. ಮೊದಲು ಹೇಳಬೇಕಾದ್ದು ಬಸ್ ಮಾಲೀಕರಿಗೆ.

ಬೆಂಕಿಗೆ ಸಂಬಂಧಿಸಿದ ಇನ್ನೊಂದು ಘಟನೆ ಇವೆರಡರ ಹಾಗಲ್ಲ. 2005ರ ಸೆಪ್ಟೆಂಬರ್ 23. ‘ರೀಟಾ’ ಚಂಡಮಾರುತ ಬರುತ್ತಿದೆ ಅಂತ ಅಮೆರಿಕದ ಟೆಕ್ಸಸ್‌ನ ಒಂದು ವೃದ್ಧಾಶ್ರಮದವರನ್ನು ಬಸ್ಸಿನಲ್ಲಿ ಬೇರೆ ಕಡೆಗೆ ಕರೆದೊಯ್ಯುತ್ತಿದ್ದರು. ಡಲ್ಲಾಸ್ ಹತ್ತಿರ ಹಿಂದಿನ ಚಕ್ರದ ಬೇರಿಂಗ್ ಕಾದು ಬೆಂಕಿ ಹತ್ತಿತು. ಒಳಗೆ ಹಿರಿಯರ ಉಸಿರಾಟಕ್ಕೆ ಅಂತ ಇಟ್ಟಿದ್ದ ಆಮ್ಲಜನಕದ ಸಿಲಿಂಡರ್‌ಗಳಿದ್ದವು. 23 ಜನ ಸತ್ತರು. ಬಹಳಷ್ಟು ಜನಕ್ಕೆ ತಾವಾಗಿ ಎದ್ದು ನಡೆಯಲೂ ಆಗುತ್ತಿರಲಿಲ್ಲ. ಇಂಥ ಕಡೆ ‘ಸಿಲಿಂಡರ್ ನಿಷೇಧ’ ಅಂದುಬಿಡೋದು ಸುಲಭ. ಆದರೆ ಸಿಲಿಂಡರ್ ಬೇಡ ಅಂದರೆ ಆ ಅಜ್ಜಿಗೂ ಬಸ್ ಬೇಡ ಅಂದಂತೆ, ಅಲ್ವಾ? ಅಮೆರಿಕದ ಅಧಿಕಾರಿಗಳು ಆಮೇಲೆ ಆ ದಾರಿ ಹಿಡಿಯಲಿಲ್ಲ. ಬೇಕಾದಷ್ಟೇ ಸಿಲಿಂಡರ್ ಒಯ್ಯಬೇಕು, ಅಲುಗದಂತೆ ಕಟ್ಟಿಡಬೇಕು, ಕವಾಟಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು ಎಂಬ ಮಾರ್ಗಸೂಚಿ ಬಂತು. ಒಳ್ಳೆಯ ನಿಯಮ ಅಂದರೆ ನನ್ನ ಮಟ್ಟಿಗೆ ಇಂಥದ್ದು.

ಪ್ರಾಣಿಗಳ ವಿಷಯದಲ್ಲಿ ಹಳೆಯ ಮಾತು ಹೆಚ್ಚು ಬದಲಾಗಿಲ್ಲ. ಚಿಕ್ಕದಿರಲಿ, ಹಿಡಿತದಲ್ಲಿರಲಿ, ಇಲ್ಲವೇ ಪೆಟ್ಟಿಗೆಯಲ್ಲಿರಲಿ. ನಿಜವಾಗಿ ಬದಲಾದದ್ದು ಒಂದೇ. 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ದಾರಿ ತೋರಿಸುವ ನಾಯಿಗಳ ಶಾಲೆ ಶುರುವಾಯಿತು. ಅಂಥ ನಾಯಿಯನ್ನು ‘ತಂದ ವಸ್ತು’ ಅಂತ ನೋಡಬಾರದು ಅನ್ನುವ ಮಾತು ಕಾನೂನಾಗಲು ಮಾತ್ರ ದಶಕಗಳೇ ಬೇಕಾದವು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ, ಬ್ರಿಟನ್ನಿನಲ್ಲಿ 1995ರ ಕಾಯ್ದೆ ಅದಕ್ಕೆ ದಾರಿ ಮಾಡಿದವು.

ಇಡೀ ಇತಿಹಾಸದಲ್ಲಿ ಅತ್ಯಂತ ಕಷ್ಟದ ಪ್ರಶ್ನೆ ಎದ್ದದ್ದು ಮಗುವಿನ ಗಾಡಿಯ ಸುತ್ತ. ಹಳೆಯ ಕಾಲದ ಗಾಡಿಗಳು ದೊಡ್ಡ ಚಕ್ರದ, ಭಾರದ ವಸ್ತುಗಳು. ಅವನ್ನು ಬಸ್ಸಿಗೆ ಏರಿಸುವುದು ದೂರದ ಮಾತು. 1965ರಲ್ಲಿ ಓವನ್ ಮೆಕ್ಲಾರೆನ್ ಎಂಬ ವಿಮಾನ ಎಂಜಿನಿಯರ್ ಛತ್ರಿಯಂತೆ ಮಡಚುವ ಅಲ್ಯುಮಿನಿಯಂ ಸ್ಟ್ರಾಲರ್‌ಗೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರದ ಭಾಗ ರೂಪಿಸಿದ್ದವರು ಅವರು. ಆ ಗಾಡಿ ಮೂರು ಕಿಲೋ ಕೂಡ ತೂಗುತ್ತಿರಲಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮಡಚಿದ ಗಾಡಿ ಹಿಡಿದು ತಾಯಿ ಬಸ್ ಹತ್ತಬಹುದಿತ್ತು. ಮಗು ನಿದ್ದೆ ಮಾಡಿದ್ದರೆ ಎಬ್ಬಿಸಬೇಕು, ಗಾಡಿಗೆ ನೇತುಹಾಕಿದ ಚೀಲಗಳನ್ನೆಲ್ಲ ಬಿಚ್ಚಬೇಕು, ಹಿಂದೆ ನಿಂತವರು ಕಾಯಬೇಕು. ಕಷ್ಟವೇ. ಆದರೂ ಆಗುತ್ತಿತ್ತು.

1980ರ ದಶಕದ ಕೊನೆಯಿಂದ ಯುರೋಪಿನಲ್ಲಿ ತಗ್ಗು ನೆಲದ ಬಸ್‌ಗಳು ಬರತೊಡಗಿದವು. ಮೆಟ್ಟಿಲಿಲ್ಲ, ಒಳಗೆ ಸ್ವಲ್ಪ ಖಾಲಿ ಜಾಗ. ಬ್ರಿಟನ್ 2000ದಲ್ಲಿ ತಂದ ನಿಯಮ ಹೊಸ ಬಸ್‌ಗಳಲ್ಲಿ ವೀಲ್‌ಚೇರ್ ಜಾಗ ಇರಲೇಬೇಕು ಎಂದಿತು. ಈ ಜಾಗ ಸಿಕ್ಕಿದ್ದು ಸುಮ್ನೆ ಅಲ್ಲ. ಅಂಗವಿಕಲರು ಬಸ್‌ಗಳ ಮುಂದೆ ಕುಳಿತು, ಬಸ್‌ಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಹೋರಾಡಿದ್ದರು. ಜಾಗ ಬಂದ ಮೇಲೆ ತಾಯಂದಿರಿಗೂ ಅನುಕೂಲವಾಯಿತು. ಮಗುವನ್ನು ಎಬ್ಬಿಸದೆ ಗಾಡಿ ಸಮೇತ ಒಳಗೆ ಬರಬಹುದು. ಇಬ್ಬರಿಗೂ ಬೇಕು, ಇರುವುದು ಒಂದೇ ಜಾಗ.

2012ರ ಫೆಬ್ರುವರಿ 24ರಂದು ಡಗ್ ಪೌಲಿ ಎಂಬುವರು ಇಂಗ್ಲೆಂಡಿನ ವೆದರ್‌ಬಿಯಲ್ಲಿ ಲೀಡ್ಸ್ ಬಸ್ಸಿಗೆ ಕಾದಿದ್ದರು. ಅವರು ವೀಲ್‌ಚೇರ್ ಬಳಸುವವರು. ಬಸ್ ಬಂದಾಗ ಆ ಜಾಗದಲ್ಲಿ ಒಂದು ಸ್ಟ್ರಾಲರ್, ಅದರಲ್ಲಿ ನಿದ್ದೆ ಮಾಡುತ್ತಿದ್ದ ಮಗು. ದಯವಿಟ್ಟು ವೀಲ್‌ಚೇರ್‌ಗೆ ಜಾಗ ಬಿಟ್ಟುಕೊಡಿ ಎಂಬ ಬೋರ್ಡು ಅಲ್ಲೇ ಇತ್ತು. ಡ್ರೈವರ್ ಕೇಳಿದ. ಇದು ಮಡಚಲು ಬರುವುದಿಲ್ಲ ಎಂದರು ತಾಯಿ. ಹಾಗಾದರೆ ನನ್ನ ವೀಲ್‌ಚೇರ್ ಮಡಚಿ ನಾನೇ ಮಾಮೂಲಿ ಸೀಟಿನಲ್ಲಿ ಕೂರುತ್ತೇನೆ ಎಂದರು ಪೌಲಿ. ಅದನ್ನು ಭದ್ರವಾಗಿ ಕಟ್ಟಲು ವ್ಯವಸ್ಥೆ ಇಲ್ಲ ಎಂದು ಡ್ರೈವರ್ ಒಪ್ಪಲಿಲ್ಲ. ಬಸ್ ಹೋಯಿತು. ಅವರು ಮುಂದಿನ ಬಸ್ಸಿಗೆ ಕಾಯಬೇಕಾಯಿತು, ಲೀಡ್ಸ್‌ನಲ್ಲಿ ಹಿಡಿಯಬೇಕಿದ್ದ ರೈಲು ತಪ್ಪಿತು.

ಅವರು ಬಸ್ ಕಂಪನಿಯ ಮೇಲೆ ದಾವೆ ಹೂಡಿದರು. ಕೆಳ ಕೋರ್ಟಿನಲ್ಲಿ ಗೆದ್ದರು, 2014ರಲ್ಲಿ ಮೇಲ್ಮನವಿಯಲ್ಲಿ ಸೋತರು. 2017ರ ಜನವರಿ 18ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡ್ರೈವರ್ ಒಂದು ಸಲ ಕೇಳಿ ಸುಮ್ಮನಾಗುವುದು ಸಾಲದು. ಜಾಗ ಬಿಡಲು ಒಪ್ಪದಿರುವುದು ಸರಿಯಲ್ಲ ಅನಿಸಿದರೆ ಇನ್ನೂ ಗಟ್ಟಿಯಾಗಿ ಹೇಳಬೇಕು, ಅಗತ್ಯ ಬಿದ್ದರೆ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸಿಕೊಳ್ಳುವುದನ್ನೂ ಯೋಚಿಸಬೇಕು ಎಂದಿತು. ಆದರೆ ಆ ಪ್ರಯಾಣಿಕರನ್ನು ಇಳಿಸಲೇಬೇಕು ಎಂದು ಹೇಳಲಿಲ್ಲ. ಪೌಲಿಗೆ ಕೆಳ ಕೋರ್ಟ್ ಕೊಟ್ಟಿದ್ದ ಪರಿಹಾರವೂ ವಾಪಸ್ ಸಿಗಲಿಲ್ಲ.

ಈ ತೀರ್ಪು ಓದಿದಾಗ ನನಗೆ ಆ ತಾಯಿಯ ಮೇಲೆ ಸಿಟ್ಟು ಬರುವುದಿಲ್ಲ. ಡ್ರೈವರ್ ಮೇಲೂ ಅಷ್ಟಾಗಿ ಇಲ್ಲ. ಬ್ರಿಟನ್ನಿನ 1990ರ ಬಸ್ ನಿಯಮಗಳು ದೊಡ್ಡ ಸಾಮಾನನ್ನು ಎಲ್ಲಿಡಬೇಕು, ಇಳಿಸಬೇಕೋ ಬೇಡವೋ ಅನ್ನುವುದನ್ನೆಲ್ಲ ಬಸ್ ಸಿಬ್ಬಂದಿಗೆ ಬಿಟ್ಟಿವೆ. ಬೇರೆ ದೇಶಗಳಲ್ಲೂ ಹೆಚ್ಚುಕಮ್ಮಿ ಹೀಗೇ. ಅಂದರೆ ಮುಂದೆ ಟ್ರಾಫಿಕ್, ಹಿಂದೆ ಬಸ್ ತುಂಬ ಜನ, ಸಮಯ ಮೀರುತ್ತಿದೆ ಅನ್ನುವ ಒತ್ತಡದಲ್ಲಿರುವ ಒಬ್ಬ ವ್ಯಕ್ತಿ ಅರ್ಧ ನಿಮಿಷದಲ್ಲಿ ಇಬ್ಬರ ಹಕ್ಕು ತೂಗಬೇಕು. ಅದೇ ಬಸ್ಸಿನಲ್ಲಿ ನಾಲ್ಕು ಸೀಟು ಕಡಿಮೆ ಮಾಡಿ ಎರಡನೇ ಜಾಗ ಬಿಟ್ಟಿದ್ದರೆ ಆ ದಿನ ಜಗಳವೇ ಇರುತ್ತಿರಲಿಲ್ಲ. ಸಿಯಾಟಲ್‌ನಲ್ಲಿ 1990ರ ದಶಕದಲ್ಲಿ ಸೈಕಲ್‌ಗಳಿಗೆ ಹೀಗೇ ದಾರಿ ಹುಡುಕಿದರು. ಸೈಕಲ್ ಒಳಗೆ ತರಬೇಡಿ ಎಂದು ಬೋರ್ಡು ಹಾಕಿ ಕೂರದೆ, ಬಸ್ಸಿನ ಮೂತಿಗೆ ಎರಡು ಸೈಕಲ್ ಹಿಡಿಸುವ ಕಬ್ಬಿಣದ ಸ್ಟ್ಯಾಂಡ್ ಜೋಡಿಸಿದರು. ಆಮೇಲೆ ಅದು ಅಮೆರಿಕದ ಎಷ್ಟೋ ಊರುಗಳಿಗೆ ಹಬ್ಬಿತು.

ಈಗಿನ ಜಗಳ ಬ್ಯಾಟರಿಯದು. 2021ರ ನವೆಂಬರ್ 1ರಂದು ಲಂಡನ್ನಿನ ಪಾರ್ಸನ್ಸ್ ಗ್ರೀನ್ ನಿಲ್ದಾಣದಲ್ಲಿ ರೈಲಿನೊಳಗೆ ಒಂದು ಇ-ಸ್ಕೂಟರ್, ಅಂದರೆ ನಿಂತು ಓಡಿಸುವ ಸಣ್ಣ ಬ್ಯಾಟರಿ ಗಾಡಿ, ಹೊತ್ತಿಕೊಂಡಿತು. ಡಿಸೆಂಬರ್ 13ರಿಂದ ಅಲ್ಲಿನ ರೈಲು, ಬಸ್ ಎಲ್ಲದರಲ್ಲೂ ಖಾಸಗಿ ಇ-ಸ್ಕೂಟರ್ ನಿಷೇಧವಾಯಿತು, ಮಡಚಿದ್ದರೂ ಬಿಡುವುದಿಲ್ಲ. 2022ರ ಕೊನೆಗೆ ಬಾರ್ಸಿಲೋನಾ ಹತ್ತಿರದ ರೈಲಿನಲ್ಲೂ ಹೀಗೇ ಆಗಿ, ಮುಂದಿನ ಫೆಬ್ರುವರಿಯಲ್ಲಿ ಅಲ್ಲೂ ನಿಷೇಧ ಬಂತು. ನಿಂತು ಓಡಿಸುವ ಸ್ಕೂಟರ್‌ನ ಬ್ಯಾಟರಿ ಸಾಮಾನ್ಯವಾಗಿ ಕಾಲಿಡುವ ಹಲಗೆಯೊಳಗೆ, ನೆಲಕ್ಕೆ ಹತ್ತಿರ ಇರುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಪೆಟ್ಟು ತಿನ್ನುತ್ತದೆ. ಒಳಗೆ ಏನಾಗಿದೆ ಅಂತ ಬಾಗಿಲಲ್ಲಿ ನಿಂತ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಈ ನಿಷೇಧ ಒಪ್ಪುವಂಥದ್ದೇ.

ಅದೇ ಲಂಡನ್ ನಿಯಮದಲ್ಲಿ, ನಡೆಯಲು ಆಗದವರು ಬಳಸುವ ಮೊಬಿಲಿಟಿ ಸ್ಕೂಟರ್‌ಗೆ ವಿನಾಯಿತಿ ಕೊಟ್ಟಿದ್ದಾರೆ. ಅದೂ ಬ್ಯಾಟರಿಯಿಂದಲೇ ಓಡುವುದು. ಆದರೂ ಅದನ್ನು ತಡೆದರೆ ಆ ವ್ಯಕ್ತಿಯನ್ನೇ ತಡೆದಂತೆ ಎಂದು ಮೊದಲೇ ಯೋಚಿಸಿ ಬರೆದಿದ್ದಾರೆ. ಈಗ ಹೊಸದಾಗಿ ಬ್ಯಾಟರಿ ನಿಯಮ ಮಾಡುವ ಪ್ರತಿ ನಗರವೂ ಈ ಸಾಲನ್ನು ಮೊದಲ ಕರಡಿನಲ್ಲೇ ಸೇರಿಸಬೇಕು. ಇನ್ನೊಬ್ಬ ಪೌಲಿ ಐದು ವರ್ಷ ಕೋರ್ಟು ಅಲೆಯುವವರೆಗೆ ಕಾಯಬಾರದು.